55 ಎಂದು ಬರೆದ ಪೊಟ್ಟಣದಲ್ಲಿ ಬೇರೆ ಬೆಸುಗೆ

ಇವರಿಂದ:
ನಿವೃತ್ತ ಬಾಯ್ಲರ್ ಫಿಟ್ಟರ್, ಕಲಬುರಗಿ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಬೆಳ್ಳಿ ಬೆಸುಗೆ ಕಡ್ಡಿಗಳ ಪೊಟ್ಟಣದಲ್ಲಿ ತಪ್ಪು ಲೋಹ ಬಂದಿರುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮಿಂದ ಫ್ಲಕ್ಸ್ (ಬೆಸುಗೆ ಹರಿದು ಅಂಟಲು ನೆರವಾಗುವ ವಸ್ತು) ಲೇಪಿಸಿದ ಬೆಳ್ಳಿ ಬೆಸುಗೆ ಕಡ್ಡಿಗಳ ಎರಡು ಪೊಟ್ಟಣ ತರಿಸಿಕೊಂಡೆ. ಒಂದು ಶೇ 40 ಬೆಳ್ಳಿಯದು, ಇನ್ನೊಂದು ಶೇ 55ರದು. ಮೊದಲನೆಯದು ಸರಿಯಾಗಿತ್ತು. ಎರಡನೆಯದರಲ್ಲಿ ಇದ್ದದ್ದು ಬೇರೆಯೇ ಲೋಹ. ಸಾಗಣೆಯಲ್ಲಿ ಅದಲುಬದಲಾಗಿರಬಹುದು ಎಂದು ಮೊದಲು ಸುಮ್ಮನಿದ್ದೆ. ಈ ಪತ್ರ ಬರೆಯುತ್ತಿರುವುದು ನಿಮ್ಮ ಕಚೇರಿ ಫೋನಿನಲ್ಲಿ ಕೊಟ್ಟ ಉತ್ತರ ಕೇಳಿದ ಮೇಲೆ.

ನಾನು ಶಹಾಬಾದಿನ ಬಾಯ್ಲರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ವಾಡಿ ಜಂಕ್ಷನ್ನಿನಲ್ಲಿ ಉಗಿ ಎಂಜಿನ್ನುಗಳನ್ನು ನೋಡುತ್ತ ಬೆಳೆದವನು. ಉಗಿ ಕೆಲಸ ಮಾಡುವುದನ್ನು ಮೊಮ್ಮಗಳಿಗೆ ಕಣ್ಣಾರೆ ತೋರಿಸಬೇಕೆಂದು ನಾಲ್ಕು ತಿಂಗಳಿಂದ ತಾಮ್ರದ ಚಿಕ್ಕ ಬಾಯ್ಲರ್ ಕಟ್ಟುತ್ತಿದ್ದೆ. ನಾಲ್ಕು ಅಂಗುಲದ ಕೊಳವೆ, ಒಳಗೆ ಹನ್ನೆರಡು ಹೊಗೆನಳಿಕೆ, ಕೆಳಗೆ ಕಲ್ಲಿದ್ದಲಿನ ಒಲೆ, 80 ಪಿಎಸ್‌ಐ (ಚದರ ಅಂಗುಲಕ್ಕೆ 80 ಪೌಂಡ್) ಒತ್ತಡ. ಆ ಒತ್ತಡದಲ್ಲಿ ಉಗಿಯೇ ಸುಮಾರು 162 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 183 ಡಿಗ್ರಿಗೇ ಕರಗತೊಡಗುವ ತವರ–ಸೀಸದ ಬೆಸುಗೆಯನ್ನು ಅಲ್ಲಿ ನಂಬುವಂತಿಲ್ಲ. ಬೆಳ್ಳಿ ಬೆಸುಗೆಯೇ ಬೇಕು, ಅದೂ ಲೆಕ್ಕ ಹಾಕಿ ಆರಿಸಿದ್ದು.

ಆ ಲೆಕ್ಕ ಹೀಗಿದೆ. ಶೇ 40ರ ಬೆಸುಗೆ 650 ಡಿಗ್ರಿಗೆ ಕರಗತೊಡಗಿ 710ಕ್ಕೆ ಪೂರ್ತಿ ನೀರಾಗುತ್ತದೆ. ಶೇ 55ರದು 630ರಿಂದ 660ರೊಳಗೆ ಮುಗಿಯುತ್ತದೆ. ಮೊದಲ ಜೋಡಣೆಗಳನ್ನು ಶೇ 40ರಲ್ಲಿ ಮಾಡಿಕೊಂಡು, ಕೊನೆಯವನ್ನು ಶೇ 55ರಲ್ಲಿ ಮುಗಿಸಿದರೆ ಹಿಂದಿನವು ಕದಲುವುದಿಲ್ಲ. ಎರಡೂ ಪೂರ್ತಿ ನೀರಾಗುವ ಶಾಖಗಳ ನಡುವೆ ಇರುವ ಅಂತರ ಐವತ್ತು ಡಿಗ್ರಿ ಮಾತ್ರ. ಇಡೀ ಕೆಲಸ ನಿಂತಿರುವುದು ಅದರ ಮೇಲೆ.

ಇಲ್ಲಿನ ಬಿಸಿಲಿಗೆ ಹಗಲಿನಲ್ಲಿ ಬೆಸುಗೆಯ ಗ್ಯಾಸ್ ಟಾರ್ಚ್ ಹಿಡಿಯಲಾಗದು. ಬೆಳಗಿನ ಐದಕ್ಕೆ ಮಾಳಿಗೆಯ ಮೇಲೆ ಬೆಂಕಿ ತಾಳುವ ಇಟ್ಟಿಗೆ ಜೋಡಿಸಿ ಕೆಲಸಕ್ಕೆ ಕುಳಿತೆ. ತಾಮ್ರ ಮಂದ ಕೆಂಪಿಗೆ ಬಂದೊಡನೆ ಶೇ 55ರ ಕಡ್ಡಿ ಹರಿಯಬೇಕಿತ್ತು. ಹರಿಯಲಿಲ್ಲ, ಅಂಬಲಿಯಂತೆ ಮುದ್ದೆಯಾಗಿ ನಿಂತಿತು. ಉರಿ ಏರಿಸಿದೆ. ಕಡ್ಡಿ ಹರಿಯುವ ಹೊತ್ತಿಗೆ ಮೇಲಿನ ತಟ್ಟೆಯ ಹಳೆಯ ಬೆಸುಗೆ ಮತ್ತೆ ಹೊಳೆಯತೊಡಗಿತು. ನೋಡನೋಡುತ್ತಿದ್ದಂತೆ ಎರಡು ನಳಿಕೆಗಳು ಜಾರಿ ಕೆಳಗಿಳಿದವು. ಒಂದು ಕಡ್ಡಿಯ ಲೇಪನ ಕೆರೆದು ನೋಡಿದರೆ ಒಳಗೆ ತಾಮ್ರದ ಕಂದು ಬಣ್ಣ. ಅದನ್ನೇ ಫ್ಲಕ್ಸ್ ಇಲ್ಲದೆ ತಾಮ್ರದ ಚೂರಿನ ಮೇಲೆ ಕಾಯಿಸಿದೆ, ಸರಾಗವಾಗಿ ಹರಿದು ಅಂಟಿತು. ಫ್ಲಕ್ಸ್ ಇಲ್ಲದೆ ತಾಮ್ರಕ್ಕೆ ಹೀಗೆ ಹಿಡಿಯುವುದು ರಂಜಕ ಬೆರೆತ ಬೆಸುಗೆಯ ಗುಣ. ಸರಾಫ್ ಬಜಾರಿನಲ್ಲಿ ಟಂಚ್ (ಬೆಳ್ಳಿಯ ಪ್ರಮಾಣದ ಪರೀಕ್ಷೆ) ಮಾಡಿಸಿದೆ. ಬೆಳ್ಳಿ ಶೇ 2ರ ಆಸುಪಾಸು.

ಫೋನ್ ಮಾಡಿದಾಗ ನಿಮ್ಮವರು, "ಎಸಿ, ಫ್ರಿಜ್ ಕೆಲಸದವರೆಲ್ಲ ಇದನ್ನೇ ಬಳಸುತ್ತಾರೆ ಸರ್, ಎಲ್ಲವೂ ಬೆಳ್ಳಿ ಬೆಸುಗೆಯೇ" ಎಂದರು. ಫ್ರಿಜ್ಜಿನ ತಾಮ್ರದ ಕೊಳವೆಗೆ ಅದು ಒಳ್ಳೆಯ ಬೆಸುಗೆ, ಒಪ್ಪುತ್ತೇನೆ. ಆದರೆ ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕವಿರುತ್ತದೆ, ಬಿಸಿಯಲ್ಲಿ ಅದು ರಂಜಕದ ಬೆಸುಗೆಯನ್ನು ತಿನ್ನುತ್ತದೆ. ನನ್ನ ಹಳೆಯ ಜೋಡಣೆಗಳು ಆ ದಿನ ಕದಲದೆ ಇದ್ದಿದ್ದರೆ ಬಾಯ್ಲರ್ ನೋಡಲು ಚೆನ್ನಾಗಿಯೇ ಕಾಣುತ್ತಿತ್ತು. ಎರಡು ಪಟ್ಟು ಒತ್ತಡದ ತಣ್ಣೀರಿನ ಪರೀಕ್ಷೆಯನ್ನೂ ದಾಟುತ್ತಿತ್ತೇನೋ. ಒಲೆಯ ಪಕ್ಕದ ಬೆಸುಗೆ ಮುಂದೊಂದು ದಿನ ಬಿಡುವಾಗ ಎದುರಿಗೆ ಮೊಮ್ಮಗಳು ಕುಳಿತಿರುತ್ತಿದ್ದಳು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಫೋನಿನಲ್ಲಿ ನಿಮ್ಮವರೇ ಬದಲಿಗೆ ಶೇ 42ರ ಹಳೆಯ ಬಗೆಯ ಕಡ್ಡಿ ಕಳುಹಿಸುವುದಾಗಿ ಹೇಳಿದರು. 608 ಡಿಗ್ರಿಗೆ ಕರಗತೊಡಗಿ 617ಕ್ಕೆ ನೀರಿನಂತೆ ಓಡುವ ಆ ಬೆಸುಗೆಯ ಸೊಗಸು ನನಗೂ ಗೊತ್ತು. ಅದರಲ್ಲಿರುವುದು ಕ್ಯಾಡ್ಮಿಯಂ. ಉರಿ ಸ್ವಲ್ಪ ಹೆಚ್ಚಾದರೆ ಅದರ ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ, ತೊಂದರೆ ತಿಳಿಯುವುದು ಗಂಟೆಗಳ ನಂತರ. ಯುರೋಪಿನ ಒಕ್ಕೂಟ 2011ರಲ್ಲಿಯೇ ಅಂಥ ಬೆಸುಗೆಗೆ ನಿಷೇಧ ಹಾಕಿದೆ. ಫೋನಿನಲ್ಲಿ ಅದರ ಬಗ್ಗೆ ಒಂದೇ ಒಂದು ಎಚ್ಚರಿಕೆಯ ಮಾತು ಬರಲಿಲ್ಲ.

ಎರಡನೇ ಪೊಟ್ಟಣದ ಹಣ, ಕೆಟ್ಟ ತಾಮ್ರದ ಬೆಲೆ ಮತ್ತು ಟಂಚ್ ಖರ್ಚನ್ನು ಹದಿನೈದು ದಿನಗಳಲ್ಲಿ ಹಿಂದಿರುಗಿಸಿ. ಅದಕ್ಕಿಂತ ಮೊದಲು, ಅದೇ ಬ್ಯಾಚಿನ ಪೊಟ್ಟಣ ಕೊಂಡ ಪ್ರತಿಯೊಬ್ಬರಿಗೂ ವಿಷಯ ತಿಳಿಸಿ. ಯಾರ ಮನೆಯಲ್ಲಿ ಯಾವ ಬಾಯ್ಲರ್ ಈಗ ಒಲೆಯ ಮೇಲಿದೆಯೋ ನನಗಾಗಲಿ ನಿಮಗಾಗಲಿ ಗೊತ್ತಿಲ್ಲ. ಇನ್ನು ಮುಂದೆ ಲೋಹಗಳ ಪ್ರಮಾಣವನ್ನೂ ಕರಗುವ ಶಾಖವನ್ನೂ ಪೊಟ್ಟಣದ ಮೇಲೆ ಮುದ್ರಿಸಿ. ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.

ಬಿಲ್ಲು ಮತ್ತು ಟಂಚ್ ಚೀಟಿಯ ನಕಲುಗಳನ್ನು ಲಗತ್ತಿಸಿದ್ದೇನೆ. ಉಳಿದ ಕಡ್ಡಿಗಳನ್ನು ಕೇಳಿದರೆ ಕಳುಹಿಸುತ್ತೇನೆ; ಎರಡನ್ನು ಮಾತ್ರ ಸಾಕ್ಷಿಗಾಗಿ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)