ಮನೆ ಬಾಗಿಲಿಗೆ ಬರುವ ಆ ಹುಡುಗರಿಗೆ ಸಂಬಳವಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಅಂಕಣವೊಂದರಲ್ಲಿ ಮಾರ್ಮನ್ ಎಂಬ ಅಮೆರಿಕದ ಕ್ರೈಸ್ತ ಪಂಥದ ಮಿಷನರಿ ಹುಡುಗರ, ಅಂದರೆ ಧರ್ಮಪ್ರಚಾರಕ್ಕೆ ಹೊರಟವರ, ಬಗ್ಗೆ ಒಂದು ಮಾತಿತ್ತು. ಬಿಳಿ ಶರ್ಟು, ಟೈ ಹಾಕಿಕೊಂಡು ಇಬ್ಬಿಬ್ಬರಾಗಿ ಮನೆಮನೆ ತಿರುಗುವ ಇವರಿಗೆ ಪಂಥಕ್ಕೆ ಸೇರಿಸಿದ ತಲೆಗೆ ಇಷ್ಟು ಡಾಲರ್ ಅಂತ ಸಿಗುತ್ತದೆ, ಅದಕ್ಕೇ ಅಷ್ಟು ಹುರುಪು ಎಂದು. ಅದು ತಪ್ಪು. ಅವರಿಗೆ ಸಂಬಳವೂ ಇಲ್ಲ, ಕಮಿಷನ್ನೂ ಇಲ್ಲ. ದುಡ್ಡು ಹೋಗುವುದೇ ಅವರ ಜೇಬಿನಿಂದ. ಅಮೆರಿಕದಿಂದ ಹೊರಡುವ ಹುಡುಗನ ಲೆಕ್ಕದಲ್ಲಿ ಮೊದಲು ತಿಂಗಳಿಗೆ 400 ಡಾಲರ್ ಕಟ್ಟಬೇಕಿತ್ತು. 2020ರ ಜುಲೈನಿಂದ ಅದು 500 ಆಯಿತು. ಹುಡುಗರು ಹೀಗೆ ತಿರುಗುವುದು ಎರಡು ವರ್ಷ, ಅಷ್ಟಕ್ಕೆ 12,000 ಡಾಲರ್. ಎಲ್ಲರ ಹಣವೂ ಒಂದೇ ಗಂಟಿಗೆ ಸೇರುತ್ತದೆ. ಟೋಕಿಯೋಗೆ ಹೋದವನೂ ಅಷ್ಟೇ ಕಟ್ಟಬೇಕು, ಪೆರುವಿನ ಹಳ್ಳಿಗೆ ಹೋದವನೂ ಅಷ್ಟೇ. ಸ್ಕೂಲಿನಲ್ಲಿರುವಾಗಲೇ ಹುಲ್ಲು ಕತ್ತರಿಸಿ, ಪಿಜ್ಜಾ ಅಂಗಡಿಯಲ್ಲಿ ದುಡಿದು ಇದಕ್ಕಾಗಿ ಕೂಡಿಟ್ಟ ಹುಡುಗರು ನನಗೆ ಗೊತ್ತು.

ಹೇಗೆ ಗೊತ್ತು ಅಂದರೆ, ನಾನು ಯೂಟಾ ರಾಜ್ಯದ ಪ್ರೊವೊದಲ್ಲಿ ಹಲ್ಲಿನ ಡಾಕ್ಟರ್. ಅವರ ಧರ್ಮದವಳಲ್ಲ, ಆಗುವ ಯೋಚನೆಯೂ ಇಲ್ಲ. ಆದರೆ ಈ ಊರಿನಲ್ಲಿ ಮಿಷನ್‌ಗೆ, ಅಂದರೆ ಈ ಪ್ರಚಾರದ ಸೇವೆಗೆ, ಹೊರಡುವ ಮಕ್ಕಳು ಮೊದಲು ಹಲ್ಲಿನ ಡಾಕ್ಟರ ಕುರ್ಚಿಗೆ ಬಂದೇ ಬರುತ್ತಾರೆ. ಅರ್ಜಿಯ ಜೊತೆ ಡಾಕ್ಟರ ಸಹಿ ಬೇಕು, ಹಲ್ಲಿನ ಡಾಕ್ಟರ ಸಹಿಯೂ ಬೇಕು. ಗುರುತು ಪರಿಚಯವಿಲ್ಲದ ಊರಿನಲ್ಲಿ ಮಧ್ಯರಾತ್ರಿ ಹಲ್ಲು ನೋವು ಬಂದರೆ ಏನು ಗತಿ? ಹಾಗಾಗಿ ಹುಳುಕು ಇದ್ದರೆ ತುಂಬಿಸಿಕೊಂಡು, ತೊಂದರೆ ಕೊಡುವ ಹಾಗೆ ಕಂಡ ಬುದ್ಧಿ ಹಲ್ಲು ಕೀಳಿಸಿಕೊಂಡೇ ಹೊರಡುವುದು. ಸ್ಕೂಲು ಮುಗಿಯುವ ಹೊತ್ತಿಗೆ ನನಗೆ ಊಟಕ್ಕೂ ಬಿಡುವಿರುವುದಿಲ್ಲ.

ಎಲ್ಲಿಗೆ ಹೋಗುತ್ತೀಯಪ್ಪ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಊರನ್ನು ಅವರು ಆರಿಸುವ ಹಾಗಿಲ್ಲ, ಚರ್ಚ್ ಹೇಳಿದ ಕಡೆಗೆ ಹೋಗಬೇಕು. ಹಿಂದೆ ಅಂಚೆಯಲ್ಲಿ ದೊಡ್ಡ ಬಿಳಿ ಲಕೋಟೆ ಬರುತ್ತಿತ್ತಂತೆ. ಈಗ ಎಲ್ಲ ಕಂಪ್ಯೂಟರ್‌ನಲ್ಲಿ. ಆದರೂ ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮ ಎಲ್ಲ ಮನೆಯಲ್ಲಿ ಸೇರಿದ ಮೇಲೇ ಅದನ್ನು ತೆರೆದು ಓದುವುದು. ಒಬ್ಬ ಹುಡುಗ ಬ್ರೆಜಿಲ್ ಸಿಗಲಿ ಎಂದು ಕಾಯುತ್ತಿದ್ದ. ಪೋರ್ಚುಗೀಸ್ ಪುಸ್ತಕವನ್ನೂ ಕೊಂಡಿದ್ದ. ಅವನಿಗೆ ಸಿಕ್ಕಿದ್ದು ಐಡಾಹೊ. ನಮ್ಮ ಪಕ್ಕದ ರಾಜ್ಯ, ಕಾರಿನಲ್ಲಿ ಹೋಗಿ ಬರಬಹುದು! ಹಲ್ಲು ಕಿತ್ತ ಜಾಗದಲ್ಲಿ ಹತ್ತಿ ಕಚ್ಚಿಕೊಂಡು, ಕೆನ್ನೆ ಊದಿಸಿಕೊಂಡು ಇದನ್ನು ಹೇಳಿದ. ಅಳುತ್ತಿದ್ದಾನೋ ನಗುತ್ತಿದ್ದಾನೋ ನನಗೆ ತಿಳಿಯಲಿಲ್ಲ. ಅವನ ಅಮ್ಮ ಮಾತ್ರ ಕಿಟಕಿ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದರು.

ಇನ್ನು ದಿನಚರಿ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಬೇಕು. ನಡುವೆ ವ್ಯಾಯಾಮ, ಓದು, ಬಾಗಿಲು ತಟ್ಟುವುದು, ಬೈಸಿಕಲ್ ತುಳಿಯುವುದು. 2017ರಲ್ಲಿ ವೇಳಾಪಟ್ಟಿ ಸ್ವಲ್ಪ ಸಡಿಲವಾಯಿತು, ಆದರೆ ಬಿಗಿ ಬಿಗಿಯೇ. ಸಿನಿಮಾ ಇಲ್ಲ, ಈಜು ಇಲ್ಲ, ಪ್ರೇಮ ಗೀಮ ಅಂತೂ ಇಲ್ಲವೇ ಇಲ್ಲ. ಎದೆಯ ಮೇಲಿನ ಕಪ್ಪು ಪಟ್ಟಿಯಲ್ಲಿ ಮನೆತನದ ಹೆಸರು ಮಾತ್ರ. ಎರಡು ವರ್ಷ ಅವನ ಸ್ವಂತ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ.

ಇದೆಲ್ಲ ಸುಲಭ ಎನ್ನುತ್ತಾರೆ ತಿರುಗಿ ಬಂದ ಹುಡುಗರು. ಕಷ್ಟ ಇರುವುದು ಜೊತೆಗಾರನದ್ದು. ಇಬ್ಬರೂ ಸದಾ ಒಬ್ಬರಿಗೊಬ್ಬರು ಕಣ್ಣಿಗೆ ಬೀಳಬೇಕು, ಕಿವಿಗೆ ಕೇಳಬೇಕು. ಬಚ್ಚಲುಮನೆ ಬಿಟ್ಟರೆ ಒಂಟಿಯಾಗಿರುವುದು ಎಂಬುದೇ ಇಲ್ಲ. ಮದುವೆಯಾದವರೂ ಇಷ್ಟು ಹೊತ್ತು ಅಂಟಿಕೊಂಡು ಇರುವುದಿಲ್ಲ, ಅಲ್ವಾ? ಆ ಜೊತೆಗಾರನನ್ನೂ ಆರಿಸುವ ಹಾಗಿಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಜೋಡಿ ಬದಲಾದರೂ ಆಯಿತು, ಇಲ್ಲದಿದ್ದರೂ ಆಯಿತು. ಒಬ್ಬ ಹೇಳಿದ: ಪಾತ್ರೆ ತೊಳೆಯುವ ವಿಷಯಕ್ಕೆ ಜಗಳವಾಡಿ, ಮಾತು ಬಿಟ್ಟು, ಅದೇ ಜೊತೆಗಾರನ ಪಕ್ಕ ನಿಂತು ಮನೆಮನೆಯಲ್ಲಿ ಪ್ರೀತಿಯ ಬಗ್ಗೆ ಮಾತಾಡಬೇಕಾಯಿತಂತೆ. ಸಂಜೆ ಹೊತ್ತಿಗೆ ಇಬ್ಬರಿಗೂ ನಗು ಬಂತಂತೆ.

ತಟ್ಟಿದ ಬಾಗಿಲುಗಳಲ್ಲಿ ತೆರೆಯುವುದು ಕಡಿಮೆ. ಯುರೋಪಿಗೆ ಹೋದವರು ಇದನ್ನು ಜಾಸ್ತಿ ಹೇಳುತ್ತಾರೆ. ಇಲ್ಲಿನ ರಾಜಕಾರಣಿ ಮಿಟ್ ರಾಮ್ನಿ ಕೂಡ 1966ರಿಂದ ಎರಡೂವರೆ ವರ್ಷ ಫ್ರಾನ್ಸ್‌ನಲ್ಲಿ ಹೀಗೇ ತಿರುಗಿದವರು. ವೈನ್ ಇಲ್ಲದೆ ಊಟವಿಲ್ಲದ ನಾಡಿನಲ್ಲಿ ವೈನ್ ಮುಟ್ಟಬೇಡಿ ಎಂದು ಹೇಳುವ ಕೆಲಸ! ಮದ್ಯ, ತಂಬಾಕು ಮಾತ್ರವಲ್ಲ, ಇವರಿಗೆ ಕಾಫಿ, ಟೀ ಕೂಡ ನಿಷಿದ್ಧ. 1833ರಿಂದ ಬಂದ ಕಟ್ಟಳೆ. ಇಲ್ಲಿ ನನ್ನ ಕಸುಬಿನ ಒಂದು ಮಾತು ಸೇರಿಸುತ್ತೇನೆ. ಬಾಗಿಲು ತೆರೆದ ಬಡವರ ಮನೆಯಲ್ಲಿ ಟೀ ಬೇಡ ಅಂದರೆ ಆ ತಾಯಿ ಸುಮ್ನೆ ಇರುತ್ತಾಳಾ? ಅಂಗಡಿಗೆ ಮಗುವನ್ನು ಓಡಿಸಿ ತಂಪು ಪಾನೀಯದ ಬಾಟಲಿ ತರಿಸುತ್ತಾಳೆ. ಅದನ್ನೂ ಬೇಡ ಅನ್ನಲು ಮುಖ ಬರುವುದಿಲ್ಲ. ಮನೆ ಮನೆಗೆ ಒಂದು ಲೋಟ ಸಕ್ಕರೆ ನೀರು, ದಿನವೂ. ಹೋಗುವಾಗ ನಾನೇ ಸರಿ ಮಾಡಿ ಕಳಿಸಿದ ಬಾಯಿ ಎರಡು ವರ್ಷ ಬಿಟ್ಟು ಬರುವಾಗ ಸಾಲು ಹುಳುಕಿನೊಂದಿಗೆ ಬರುತ್ತದೆ.

ಸಾಮಾನ್ಯವಾಗಿ ಸೋಮವಾರ ಅವರಿಗೆ ಬಿಡುವು. ಬಿಡುವು ಅಂದರೆ ಬಟ್ಟೆ ಒಗೆಯುವುದು, ದಿನಸಿ ತರುವುದು, ಕೂದಲು ಕತ್ತರಿಸಿಕೊಳ್ಳುವುದು, ಮನೆಗೆ ಮಾತಾಡುವುದು. 2019ರ ಫೆಬ್ರವರಿವರೆಗೆ ಈ ಮಾತಾಡುವ ಭಾಗ್ಯವೂ ಇರಲಿಲ್ಲ. ವಾರಕ್ಕೊಂದು ಈಮೇಲ್, ವರ್ಷಕ್ಕೆರಡು ಫೋನ್, ಕ್ರಿಸ್‌ಮಸ್‌ಗೆ ಒಂದು, ಅಮ್ಮಂದಿರ ದಿನಕ್ಕೆ ಒಂದು. ಈಗ ಪ್ರತಿ ವಾರ ಮಾತಾಡಬಹುದು. ಒಂದು ಸೋಮವಾರ ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಒಬ್ಬ ತಾಯಿ. ಹಲ್ಲು ಅರ್ಧ ಕೊರೆದಾಗಿದೆ, ಫೋನ್ ಬಂತು. ಜರ್ಮನಿಯಲ್ಲಿ ಸಂಜೆ, ಮಗ. ಆಕೆ ಕೈಯೆತ್ತಿ ನನ್ನನ್ನು ತಡೆದರು. ಇಂಜೆಕ್ಷನ್‌ಗೆ ಮರಗಟ್ಟಿದ ತುಟಿಯಲ್ಲಿ ಒಂದು ಮಾತೂ ಸರಿಯಾಗಿ ಹೊರಡದು. ಆ ಕಡೆ ಹುಡುಗ ಬಿದ್ದು ಬಿದ್ದು ನಗುತ್ತಿದ್ದಾನೆ, ಪರದೆಯ ಮೂಲೆಯಲ್ಲಿ ಜೊತೆಗಾರ ಇಸ್ತ್ರಿ ಮಾಡುತ್ತಿದ್ದಾನೆ. ಫಿಲ್ಲಿಂಗ್ ಕಾಯಬಹುದು ಎಂದು ನಾನು ಹೊರಗೆ ಹೋಗಿ ಕಾಫಿ ಕುಡಿದು ಬಂದೆ. ನನಗೆ ಆ ಕಟ್ಟಳೆ ಇಲ್ಲವಲ್ಲ.

ಇಷ್ಟು ಓದಿ ನಾನು ಇವರ ಪರ ವಕಾಲತ್ತು ಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಇನ್ನೊಬ್ಬರ ಮನೆ ಬಾಗಿಲು ತಟ್ಟಿ ನಿಮ್ಮ ನಂಬಿಕೆ ಸಾಲದು ಎಂದು ಹೇಳುವುದು ನನಗೆ ಹಿಡಿಸುವುದಿಲ್ಲ. ಇದು ನಿನ್ನೆ ಮೊನ್ನೆ ಶುರುವಾದದ್ದೂ ಅಲ್ಲ. ಇವರ ಚರ್ಚ್ ಹುಟ್ಟಿದ್ದು 1830ರಲ್ಲಿ. 1853ರಲ್ಲೇ ರಿಚರ್ಡ್ ಬ್ಯಾಲಂಟೈನ್ ಎಂಬಾತ ಮದ್ರಾಸಿಗೆ ಬಂದು ಬೋಧನೆ ಮಾಡಿದ್ದರು. ಕೈಯಲ್ಲಿ ಕಾಸಿಲ್ಲದೆ ಹೊರಟು, ದಾರಿಯಲ್ಲಿ ಸಿಕ್ಕವರನ್ನೇ ನೆಚ್ಚಿಕೊಳ್ಳುವುದು ಆಗಿನ ಕ್ರಮ. ಈಗಿನದು ಅದಕ್ಕಿಂತ ವಾಸಿ. ಬಾಗಿಲಿಗೆ ಬಂದ ಹುಡುಗರನ್ನು ವಾಪಸು ಕಳಿಸುವ ಹಕ್ಕು ಎಲ್ಲರಿಗೂ ಇದೆ. ನಾನೂ ಕಳಿಸಿದ್ದೇನೆ.

ನಿಮ್ಮ ಅಂಕಣಕಾರರು ಬರೆಯಬೇಕಾದ ವಿಷಯ ಬೇರೆ ಇತ್ತು. ಮಧ್ಯದಲ್ಲೇ ಮನೆಗೆ ಮರಳುವ ಮಕ್ಕಳದ್ದು. ಸಾಲ್ಟ್ ಲೇಕ್ ಸಿಟಿಯ ಹೊಸ ವಿಮಾನ ನಿಲ್ದಾಣ 2020ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಅಲ್ಲಿ ಬಂದವರನ್ನು ಎದುರುಗೊಳ್ಳಲು ಒಂದು ದೊಡ್ಡ ಕೋಣೆಯನ್ನೇ ಕಟ್ಟಿದ್ದಾರೆ. ಮಿಷನ್ ಮುಗಿಸಿ ಬರುವ ಮಕ್ಕಳಿಗಾಗಿ ಬಲೂನು, ಬ್ಯಾನರ್ ಹಿಡಿದು ಬರುವ ಬಂಧುಬಳಗಕ್ಕೆ ಹಳೆಯ ನಿಲ್ದಾಣದಲ್ಲಿ ಜಾಗ ಸಾಲುತ್ತಿರಲಿಲ್ಲ. ಆದರೆ ಮನಸ್ಸು ಕುಸಿದು, ನಿದ್ದೆ ಕೆಟ್ಟು, ಐದಾರು ತಿಂಗಳಿಗೇ ಬರುವ ಹುಡುಗನಿಗೆ ಬಲೂನು ಇರುವುದಿಲ್ಲ. ಅಪ್ಪ ಅಮ್ಮ ಇಬ್ಬರೇ ಬಂದು ಕರೆದುಕೊಂಡು ಹೋಗುತ್ತಾರೆ. ಊರಿನಲ್ಲಿ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆಯೇ ನಿನ್ನ ಮಿಷನ್ ಎಲ್ಲಿ ಆಯಿತು ಎಂದು. ಏನು ಹೇಳಬೇಕು ಅವನು?

ಇಂಥವರ ಹಲ್ಲು ನೋಡಿದರೇ ನನಗೆ ಅಂದಾಜು ಸಿಗುತ್ತದೆ. ರಾತ್ರಿ ನಿದ್ದೆಯಲ್ಲಿ ಕಡಿದು ಕಡಿದು ದವಡೆ ಹಲ್ಲಿನ ಉಬ್ಬುಗಳೆಲ್ಲ ಸವೆದು ಚಪ್ಪಟೆಯಾಗಿರುತ್ತವೆ. ಹತ್ತೊಂಬತ್ತು ವರ್ಷಕ್ಕೆ ಅರವತ್ತರವರ ಹಲ್ಲು. ನಾನು ಅಚ್ಚು ತೆಗೆದು ರಾತ್ರಿ ಹಾಕಿಕೊಳ್ಳಲು ಒಂದು ಗಾರ್ಡ್ ಮಾಡಿಕೊಡಬಹುದು, ಅಷ್ಟೇ. ಒಬ್ಬ ಹುಡುಗ ಕೊನೆಯ ಅಪಾಯಿಂಟ್‌ಮೆಂಟೇ ಬೇಕು ಎಂದು ಹಟ ಹಿಡಿದ. ಹೊರಗೆ ಕಾಯುವ ಜಾಗದಲ್ಲಿ ತನ್ನ ಚರ್ಚಿನವರು ಯಾರೂ ಇರಬಾರದು ಎಂದು. ಆರೋಗ್ಯ ಸರಿ ಇಲ್ಲದವರು ಮನೆಯಲ್ಲೇ ಇದ್ದು ಸೇವೆ ಮಾಡುವ ದಾರಿಯನ್ನು ಚರ್ಚ್ ಇಟ್ಟಿದೆ, ಅದು ಒಳ್ಳೆಯದೇ. ಆದರೆ ಪಕ್ಕದ ಮನೆಯವರ ಕಣ್ಣಿಗೆ ಯಾವ ನಿಯಮ ಮಾಡಲಾದೀತು?

ಹುಡುಗಿಯರ ಕಥೆ ಸ್ವಲ್ಪ ಬೇರೆ. ಅವರದ್ದು ಹದಿನೆಂಟು ತಿಂಗಳು. 2012ರ ಅಕ್ಟೋಬರ್‌ನಲ್ಲಿ ಚರ್ಚಿನ ಆಗಿನ ಅಧ್ಯಕ್ಷ ಥಾಮಸ್ ಮಾನ್ಸನ್ ವಯಸ್ಸಿನ ಮಿತಿ ಇಳಿಸಿದರು. ಹುಡುಗರಿಗೆ 19ರಿಂದ 18, ಹುಡುಗಿಯರಿಗೆ 21ರಿಂದ 19. ಆಮೇಲೆ ಹುಡುಗಿಯರು ದಂಡಿಯಾಗಿ ಹೊರಟರು. ಗಂಡುಮಕ್ಕಳಿಗೆ ಇದು ಕರ್ತವ್ಯ, ಹೆಣ್ಣುಮಕ್ಕಳಿಗೆ ಅವರಿಷ್ಟ. ಹೋಗದಿದ್ದರೆ ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಹುಡುಗರಿಗೂ ಅಷ್ಟೇ ಸದರ ಕೊಟ್ಟರೆ ಎಷ್ಟೋ ಹಲ್ಲು ಉಳಿಯುತ್ತವೆ ಎಂಬುದು ನನ್ನ ಲೆಕ್ಕ.

ಸಂಬಳದ ವಿಷಯದಲ್ಲಿ ಒಂದು ತಿದ್ದುಪಡಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಮಧ್ಯದಲ್ಲಿ ಮರಳಿದ ಮಕ್ಕಳ ಬಗ್ಗೆ ನಿಮ್ಮವರು ಯಾರಾದರೂ ಬರೆಯುವುದಾದರೆ, ರೋಗಿಗಳ ಹೆಸರು ಹೇಳದೆ ನನಗೆ ಕಂಡಷ್ಟನ್ನು ಹೇಳಲು ನಾನು ತಯಾರು. ಫೋನ್ ಮಾಡುವುದಾದರೆ ನಮ್ಮ ಇಲ್ಲಿನ ಸಂಜೆ ಆದೀತು. ಸೋಮವಾರ ಮಾತ್ರ ಬೇಡ, ಅವತ್ತು ಅಮ್ಮಂದಿರ ಫೋನುಗಳಿಂದ ನನ್ನ ಕೆಲಸವೆಲ್ಲ ತಡವಾಗಿರುತ್ತದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಒಬ್ಬ ಹಲ್ಲಿನ ಡಾಕ್ಟರ್
ಪ್ರೊವೊ, ಯೂಟಾ