ತಪ್ಪು ಕೈಯದೋ, ಗಡಿಯಾರದ್ದೋ

ಇಳಕಲ್, ಭಾನುವಾರ

ಪ್ರೀತಿಯ ಮಂಜುಗೆ ಅಜ್ಜ ಮಾಡುವ ಆಶೀರ್ವಾದಗಳು.

ಬೆಳಗಾವಿಯ ತಬಲಾ ಕ್ಲಾಸಿನಲ್ಲಿ ಲಯ ಓಡಿಸಿ ಎಲ್ಲರೆದುರು ಬೈಸಿಕೊಂಡೆಯಂತೆ. 'ನನ್ನ ಕೈಯೇ ಸರಿಯಿಲ್ಲ ಅಜ್ಜಾ' ಅಂತ ಬರೆದಿದ್ದೀಯ. ಸುಮ್ನೆ ಕೈಗೆ ಯಾಕೋ ಬೈಯುತ್ತೀ? ಅದು ಹೇಳಿದ್ದು ಮಾಡುವ ಆಳು. ಹೊತ್ತು ನೋಡುವವನು ಬೇರೆ ಇದ್ದಾನೆ.

ನಮ್ಮಪ್ಪ ಕುಣಿಮಗ್ಗದಲ್ಲಿ ಕೂತರೆ ನಾನು ಒಳಗಿನ ಖೋಲಿಯಲ್ಲಿ ಓದುತ್ತಿದ್ದೆ. ಲಾಳಿ ಆ ಕಡೆ, ಹಣಿಗೆಯ ಪೆಟ್ಟು, ಲಾಳಿ ಈ ಕಡೆ, ಮತ್ತೆ ಪೆಟ್ಟು. ಒಂದು ಪೆಟ್ಟು ತುಸು ತಡವಾದರೂ ಮುಂದಿನದು ತನ್ನ ಜಾಗಕ್ಕೇ ಬಂದು ಬೀಳುತ್ತಿತ್ತು. ಅದು ಯಾಕೆ ಅಂತ ತಿಳಿದದ್ದು ವಿಜ್ಞಾನದ ಮಾಸ್ತರನಾದ ಮೇಲೆ.

1973ರಲ್ಲಿ ವಿಂಗ್, ಕ್ರಿಸ್ಟೋಫರ್ಸನ್ ಎಂಬಿಬ್ಬರು ಮನೋವಿಜ್ಞಾನಿಗಳು ಒಂದೇ ಲಯದಲ್ಲಿ ಬೆರಳು ತಟ್ಟುವುದರ ಬಗ್ಗೆ ಬರೆದರು. ತಪ್ಪು ಎರಡು ಕಡೆ ಆಗಬಹುದು ಅಂದರು: ಮೆದುಳೊಳಗಿನ ಗಡಿಯಾರದಲ್ಲಿ, ಇಲ್ಲವೇ ಅದರ ಅಪ್ಪಣೆ ಬೆರಳಿಗೆ ಬರುವ ದಾರಿಯಲ್ಲಿ. ಅಪ್ಪಣೆ ಸರಿಯಾಗಿ ಹೊರಟು ಬೆರಳಷ್ಟೇ ತಡಮಾಡಿತು ಅನ್ನು. ಆ ಪೆಟ್ಟಿನ ಹಿಂದಿನ ಅಂತರ ಉದ್ದವಾಗುತ್ತದೆ, ಮುಂದಿನದು ಗಿಡ್ಡವಾಗುತ್ತದೆ, ಲೆಕ್ಕ ಸರಿಹೋಗುತ್ತದೆ. ಗಡಿಯಾರವೇ ತಪ್ಪಿದರೆ ಹಾಗಲ್ಲ, ಮುಂದಿನ ಪೆಟ್ಟುಗಳೆಲ್ಲ ಜರುಗುತ್ತವೆ.

ಈ ಗಡಿಯಾರ ಮೆದುಳಿನ ಒಂದೇ ಮೂಲೆಯಲ್ಲಿಲ್ಲ. ಹಿಂದಲೆಯ ಕಿರುಮೆದುಳಿಗೆ ಏಟಾದವರ ತಟ್ಟು ಏರುಪೇರಾಗುತ್ತದೆ. ಆದರೆ ಅವರೇ ನಿಲ್ಲಿಸದೆ ಗುಂಡಗೆ ಗೆರೆ ಸುತ್ತುತ್ತ ಹೋದರೆ ಲಯ ಅಷ್ಟು ಕೆಡುವುದಿಲ್ಲ. ನನಗೆ ಇದೇ ದೊಡ್ಡ ಸೋಜಿಗ. ಬಿಟ್ಟು ಬಿಟ್ಟು ಬೀಳುವ ಪೆಟ್ಟಿಗೆ ಹೊತ್ತು ಎಣಿಸುವವನು ಬೇಕು, ನಿನ್ನ ತಬಲಾ ಅದೇ ಜಾತಿ ಅಲ್ವಾ?

ಈಗ ನೀನು ಹೀಗೆ ಮಾಡು. ಟಿಕ್ ಟಿಕ್ ಅಂತ ಲಯ ಹಿಡಿದು ಕೊಡುವ ಮೆಟ್ರೊನೋಮ್ ಹಚ್ಚಿ ತೀನ್‌ತಾಳದ ನಾಲ್ಕು ಆವರ್ತನ ಬಾರಿಸು, ಆಮೇಲೆ ಅದನ್ನು ಬಂದ್ ಮಾಡಿ ಬಾರಿಸುತ್ತಲೇ ಇರು. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಪೆಟ್ಟುಗಳು ಗೆರೆಗಳಾಗಿ ಕಾಣುತ್ತವೆ. ಒಂದು ಅಂತರ ಉದ್ದ, ಪಕ್ಕದ್ದು ಗಿಡ್ಡ ಅಂತಿದ್ದರೆ ಕೈ ಬಿಗಿಯಾಗಿದೆ. ಮಣಿಕಟ್ಟು ಸಡಿಲ ಬಿಡು. ಅಂತರಗಳೆಲ್ಲ ಬರಬರುತ್ತ ಗಿಡ್ಡವಾಗುತ್ತಿದ್ದರೆ ತಪ್ಪು ಗಡಿಯಾರದ್ದು, ಒಂದು ವಾರ ತಬಲಾ ಮುಟ್ಟಬೇಡ. ತಾಳದ ಒಂದು ಸುತ್ತಿನ 16 ಮಾತ್ರೆ ಎಣಿಸುತ್ತ ಬಾಯಲ್ಲೇ ಧಾ ಧಿನ್ ಅಂತ ಬೋಲ್ ಹೇಳು.

ಮೆಟ್ರೊನೋಮ್ ಹಚ್ಚಿದ್ದಾಗ ನಾನು ಸರಿ ಅಂತ ನಿನಗೆ ಅನ್ನಿಸಿದರೂ ನಂಬಬೇಡ. ಸಾಮಾನ್ಯವಾಗಿ ಜನ ಟಿಕ್ ಸದ್ದಿಗಿಂತ ಕೂದಲೆಳೆಯಷ್ಟು ಮೊದಲೇ ತಟ್ಟಿರುತ್ತಾರೆ, ಅವರಿಗೇ ಗೊತ್ತಾಗುವುದಿಲ್ಲ.

ದೀಪಾವಳಿಗೆ ಬಂದಾಗ ರೆಕಾರ್ಡಿಂಗ್ ತೋರಿಸು. ನಿನ್ನ ಕಾಕಾನ ಮಗ್ಗದ ಪೆಟ್ಟನ್ನೂ ಹಿಡಿದು ನೋಡೋಣ. ಚಹಾ ಕುಡಿದ ಮೇಲೆ ಅವನು ಓಡಿಸುತ್ತಾನೆ ಅಂತ ನನಗೆ ಮೊದಲಿನಿಂದ ಅನುಮಾನ.

ನಿನ್ನ ಅಜ್ಜ