ಗೋಣಿಯಲ್ಲಿರುವ ಗೇರುಬೀಜಕ್ಕೂ ಈಡಿನ ಸಾಲ ಸಿಗಲಿ

ಮಾನ್ಯ ಸಂಪಾದಕರೇ,

ನಾನು ಪುತ್ತೂರು ತಾಲೂಕಿನ ಒಂದು ಹಳ್ಳಿಯವಳು. ಗೋಣಿಯನ್ನೇ ಅಡವಿಟ್ಟು ಪಡೆಯುವ ಸಾಲ, ಎಂದರೆ ಈಡಿನ ಸಾಲ, ಗೇರುಬೀಜಕ್ಕೂ ಸಿಗಲಿ ಎಂದು ಕೇಳಲು ಈ ಪತ್ರ. ಮನೆಯ ಹಿಂದಿನ ಗುಡ್ಡೆಯಲ್ಲಿ ನಮ್ಮದು ನಲ್ವತ್ತು ಗೇರು ಮರ ಇದೆ. ಫೆಬ್ರವರಿಯಿಂದ ಮೇ ತನಕ ದಿನಾ ಬೆಳಗ್ಗೆ ಬಿದ್ದ ಹಣ್ಣು ಹೆಕ್ಕಿ, ಬೀಜ ತಿರುಪಿ ತೆಗೆದು ಅಂಗಳದಲ್ಲಿ ಒಣಗಿಸುವುದು ನನ್ನ ಮತ್ತು ಅತ್ತೆಯ ಕೆಲಸ. ಏಪ್ರಿಲ್ ಕೊನೆಗೆ ಜಗಲಿಯಲ್ಲಿ ಮೂರು ಗೋಣಿ ಬೀಜ ಇರುತ್ತದೆ. ಮೇ ಮುಗಿಯುವಾಗ ಒಂದೂ ಇರುವುದಿಲ್ಲ. ಮಕ್ಕಳ ಶಾಲೆ ಫೀಸು, ಮಾಡಿನ ಹಂಚು ಸರಿಮಾಡಿಸುವ ಖರ್ಚು, ಮಳೆಗಾಲದ ಜೀನಸು ಎಲ್ಲಾ ಒಟ್ಟಿಗೆ ತಲೆ ಮೇಲೆ ಬರುವುದು ಅದೇ ತಿಂಗಳು. ಅಂಗಡಿಯವರು ನಾಲ್ಕು ಬೀಜ ಒಡೆದು ನೋಡುತ್ತಾರೆ, ಒಂದು ಕಪ್ಪಾಗಿದ್ದರೆ ಅದನ್ನೇ ಎತ್ತಿ ತೋರಿಸುತ್ತಾರೆ, ಗೋಣಿಯ ತೂಕವೆಂದು ಒಂದು ಕಿಲೋ ಕಳೆಯುತ್ತಾರೆ. ಅವರು ಹೇಳಿದ ರೇಟಿಗೆ ಕೊಟ್ಟು ಬರುತ್ತೇವೆ.

ಅತ್ತೆ ಇಪ್ಪತ್ತೆರಡು ವರ್ಷ ಬೀಜದ ಫ್ಯಾಕ್ಟರಿಗೆ ಹೋದವರು. ಸೊನೆ ತಾಗಿ ತಾಗಿ ಅವರ ಬೆರಳ ತುದಿಗಳು ಈಗಲೂ ಕಪ್ಪು. ಅದೇ ಕೈಯಿಂದ ಅವರು ನಮ್ಮ ಸ್ವಸಹಾಯ ಸಂಘದ ಐದು ಮಂದಿಗೆ ಕೆಲಸ ಕಲಿಸಿದರು. ಬೀಜವನ್ನು ಆವಿಯಲ್ಲಿ ಬೇಯಿಸಿ ಒಂದು ದಿನ ಹರಡಿ ತಣಿಯಲು ಬಿಡಬೇಕು. ಮತ್ತೆ ಕೈಗೆ ತೆಂಗಿನೆಣ್ಣೆ ಹಚ್ಚಿ, ಬೂದಿ ಮುಟ್ಟಿಕೊಂಡು ಮಿಷನಿನ ಎದುರು ಕೂರಬೇಕು. ಎಡಗೈಯಲ್ಲಿ ಬೀಜವನ್ನು ಅಲಗಿನ ನಡುವೆ ಸರಿಯಾಗಿ ಕೂರಿಸಿ ಕಾಲಲ್ಲಿ ಮೆಟ್ಟಬೇಕು. ಕೂದಲೆಳೆಯಷ್ಟು ವಾಲಿದರೂ ಒಳಗಿನ ತಿರುಳು ತುಂಡಾಗುತ್ತದೆ. ಮೊದಲ ವಾರ ನಾನು ಒಡೆದದ್ದರಲ್ಲಿ ಅರ್ಧಕ್ಕರ್ಧ ತುಂಡು. ಅತ್ತೆ ಬೈಯಲಿಲ್ಲ. "ಮೆಟ್ಟುವಾಗ ಉಸಿರು ಹಿಡಿಯಬೇಡ ಮಗಾ" ಎಂದರು. ಅದೊಂದು ಮಾತಿನಿಂದ ಕೈ ಕೂತಿತು. ತಿರುಳನ್ನು ಬೋರ್ಮದಲ್ಲಿ, ಎಂದರೆ ಬಿಸಿಗಾಳಿಯ ಒಣಗಿಸುವ ಪೆಟ್ಟಿಗೆಯಲ್ಲಿ, ಒಣಗಿಸಿದ ಮೇಲೆ ಸಿಪ್ಪೆ ಬಿಡಿಸುವ ಹೊತ್ತು ತಪ್ಪಬಾರದು. ಹೊರಗಿನ ಮಳೆಯ ತೇವ ಎಳೆದುಕೊಂಡರೆ ಕೆಂಪು ಸಿಪ್ಪೆ ಮತ್ತೆ ಅಂಟಿಕೊಳ್ಳುತ್ತದೆ, ಉಗುರು ಹಾಕಿ ಕೆರೆಯಬೇಕಾಗುತ್ತದೆ, ಕೆರೆದರೆ ಗಾಯವಾಗಿ ಬೆಲೆ ಬೀಳುತ್ತದೆ. ಕೊನೆಗೆ ವಿಂಗಡಣೆ. ಒಂದು ಪೌಂಡಿಗೆ, ಎಂದರೆ 454 ಗ್ರಾಮಿಗೆ, 300ರಿಂದ 320 ಇಡೀ ತಿರುಳು ಕೂತರೆ ಅದು ಡಬ್ಲ್ಯು 320 ಎಂಬ ದರ್ಜೆ. ಇಷ್ಟು ವರ್ಷ ನಾವು ಮಾರಿದ ಬೀಜಕ್ಕೆ ಇಂಥದ್ದೊಂದು ಹೆಸರು ಇದೆ ಎಂದು ನಮಗೆ ಗೊತ್ತೇ ಇರಲಿಲ್ಲ.

2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿ ತನಕ ಮೂಲ ಬಂಡವಾಳಕ್ಕೆ ಅವಕಾಶ ಇತ್ತು. ಅದು ನಮಗೆ ಸಿಕ್ಕಿತು, ಅದಕ್ಕೆ ನಾವು ಋಣಿಗಳು. ಕಟ್ಟಿಂಗ್ ಮಿಷನ್, ಬೇಯಿಸುವ ಹಂಡೆ, ಸಣ್ಣ ಬೋರ್ಮ, ವಯರಿಂಗ್ ಆಗುವಾಗ ಹಣವೂ ಮುಗಿಯಿತು. ತರಬೇತಿಗೂ ತೊಂದರೆ ಇಲ್ಲ. 1986ರಲ್ಲಿ ಶುರುವಾದ ಗೇರು ಸಂಶೋಧನಾ ಕೇಂದ್ರ, ಈಗಿನ ನಿರ್ದೇಶನಾಲಯ, ನಮ್ಮದೇ ತಾಲೂಕಿನ ಕೆಮ್ಮಿಂಜೆಯಲ್ಲಿದೆ. ಮಿಷನಿಗೆ ಹಾಕಲು ಬೀಜ ಇಲ್ಲದಿರುವುದೇ ನಮ್ಮ ತಾಪತ್ರಯ.

ಕಳೆದ ವರ್ಷ ನಮ್ಮ ಐದೂ ಮನೆಗಳಲ್ಲಿ ಸೇರಿ ಹದಿನಾರು ಗೋಣಿ ಬೀಜ ಆಗಿತ್ತು. ಮಾರದೆ ಉಳಿಸಿಕೊಳ್ಳಲು ಆದದ್ದು ಮೂರೇ ಗೋಣಿ. ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಕಿಲೋ ತಿರುಳು ಸಿಗುತ್ತದೆ. ಅಂಗಡಿಯ ರೇಟು 130 ಹಿಡಿದರೆ ನಾಲ್ಕು ಕಿಲೋಗೆ 520 ರೂಪಾಯಿ. ಇಡೀ ತಿರುಳು, ಹೋಳು, ತುಂಡು ಎಲ್ಲಾ ಸೇರಿ ನಮಗೆ ಕಿಲೋ ತಿರುಳಿಗೆ ಸರಾಸರಿ 780 ಸಿಕ್ಕಿತು. ಬೀಜದ ಆ 520, ಮತ್ತೆ ಗ್ಯಾಸು, ಕರೆಂಟು, ಪ್ಯಾಕೆಟ್ಟಿಗೆ 60 ಕಳೆದರೆ ಕೈಯಲ್ಲಿ ಉಳಿದದ್ದು 200. ಎಂಬತ್ತು ಕಿಲೋದ ಒಂದು ಗೋಣಿಗೆ ನಾಲ್ಕು ಸಾವಿರ. ಇದರಲ್ಲಿ ನಮ್ಮ ಕೂಲಿಯೂ ಸೇರಿದೆ, ಹಾಗಾಗಿ ಇದನ್ನು ದೊಡ್ಡ ಲಾಭ ಎಂದು ನಾನು ಹೇಳುವುದಿಲ್ಲ. ಆದರೆ ಇದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಹೊರಗೆ ಕಾಲಿಡಲಾಗದ ಮಳೆಯಲ್ಲಿ, ಎಲ್ಲೂ ಕೆಲಸ ಸಿಗದ ಹೊತ್ತಿನಲ್ಲಿ, ಮನೆಯ ಮಾಡಿನ ಕೆಳಗೆ ಕೂತು ದುಡಿದ ದುಡ್ಡು. ಚೌತಿಗೆ ಮೊದಲೇ ಅಷ್ಟೂ ತಿರುಳು ಮಾರಿ ಮುಗಿಯಿತು, ಇನ್ನೂ ಬೇಕೆಂದು ಫೋನು ಬರುತ್ತಿತ್ತು. ಆಗ ಮಿಷನಿಗೆ ಪ್ಲಾಸ್ಟಿಕ್ ಹೊದೆಸಿ ಮೂಲೆಗೆ ಸರಿಸಿ ಆಗಿತ್ತು.

ಹದಿನಾರೂ ಗೋಣಿ ಉಳಿಸಿಕೊಳ್ಳಲು ಸಾಲ ಕೇಳಲು ನಮ್ಮೂರ ಸಹಕಾರಿ ಸಂಘಕ್ಕೆ ಹೋದೆವು. ಆರ್‌ಟಿಸಿ ಕೇಳಿದರು. ನನ್ನದು ಮಾವನ ಹೆಸರಿನಲ್ಲಿದೆ, ಇನ್ನಿಬ್ಬರದ್ದು ಗಂಡನ ಹೆಸರಿನಲ್ಲಿದೆ. ಅದೂ ಇರಲಿ, ಗೇರು ಮರ ಹೆಚ್ಚಿನವು ಇರುವುದೇ ಕುಮ್ಕಿಯಲ್ಲಿ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಗ ಜಾಗಕ್ಕೆ, ಎಂದರೆ ಪಟ್ಟಾ ಜಾಗಕ್ಕೆ, ತಾಗಿದ ಆ ಗುಡ್ಡೆಯನ್ನು ಅಜ್ಜನ ಕಾಲದಿಂದ ನೋಡಿಕೊಂಡು ಬಂದವರು ನಾವು, ದಾಖಲೆಯಲ್ಲಿ ಅದು ಸರ್ಕಾರಿ ಜಾಗ. ಆ ಮರಗಳನ್ನು ನಂಬಿ ಸಾಲ ಕೊಡುವವರು ಯಾರು?

ಅದೇ ಸಂಘದಲ್ಲಿ ಅಡಿಕೆ ಗೋಣಿ ತಂದಿಟ್ಟವರಿಗೆ ಈಡಿನ ಸಾಲ ಕೊಡುತ್ತಾರೆ. ಅಡಿಕೆ ಯಾವ ಸರ್ವೆ ನಂಬರಿನ ಮರದಲ್ಲಿ ಆದದ್ದು ಎಂದು ಆಗ ಯಾರೂ ಕೇಳುವುದಿಲ್ಲ, ಗೋಣಿಯೇ ಆಧಾರ. ಗೇರುಬೀಜಕ್ಕೆ ಯಾಕಿಲ್ಲ ಎಂದು ಕೇಳಿದ್ದಕ್ಕೆ "ನಮ್ಮಲ್ಲಿ ಆ ಕ್ರಮ ಇಲ್ಲ" ಎಂದರು. ಚೆನ್ನಾಗಿ ಒಣಗಿದ ಗೇರುಬೀಜ ಹಲಗೆಯ ಮೇಲಿಟ್ಟರೆ ಮಳೆಗಾಲ ಕಳೆದರೂ ಕೆಡುವುದಿಲ್ಲ. ಇಲ್ಲಿನ ಬೆಳೆ ಸಾಲದೆ ಆಫ್ರಿಕಾದಿಂದ ಬೀಜ ತರಿಸುವ ಫ್ಯಾಕ್ಟರಿಗಳು ಅದನ್ನು ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡುತ್ತವೆ, ಆ ದಾಸ್ತಾನಿನ ಮೇಲೆ ಬ್ಯಾಂಕಿನಿಂದ ಸಾಲವನ್ನೂ ಎತ್ತುತ್ತವೆ. ಅದೇ ಅನುಕೂಲ ಮೂರು ಗೋಣಿಯವಳಿಗೂ ಬೇಕು.

ಈಗ ಗುಡ್ಡೆಯಲ್ಲಿ ಹೂ ಕಳೆದು ಕಾಯಿ ಕಟ್ಟುತ್ತಿದೆ. ಸಹಕಾರ ಇಲಾಖೆಯವರೂ ಜಿಲ್ಲೆಯ ಸಹಕಾರಿ ಸಂಘಗಳ ಅಧ್ಯಕ್ಷರೂ ಏಪ್ರಿಲ್‌ಗೆ ಮೊದಲು ಈ ಬಗ್ಗೆ ಒಂದು ತೀರ್ಮಾನ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಪೂರ್ತಿ ಬೆಲೆ ಬೇಡ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಶಾಲೆ ಫೀಸು ಮತ್ತು ಜೀನಸಿಗೆ ಸಾಕು. ಗೋಣಿಗಳನ್ನು ಸಂಘದ ಗೋದಾಮಿನಲ್ಲೇ ಇಟ್ಟು ಕೀಲಿ ಅವರೇ ಇಟ್ಟುಕೊಳ್ಳಲಿ. ಆಟಿಯಲ್ಲಿ ಒಂದು ಗೋಣಿಯ ಬಾಕಿ ಕಟ್ಟಿ ಬಿಡಿಸಿಕೊಂಡು ಬರುತ್ತೇವೆ, ಅದರ ತಿರುಳು ಮಾರಿದ ದುಡ್ಡಲ್ಲಿ ಮುಂದಿನ ಗೋಣಿಗೆ ಬರುತ್ತೇವೆ.

ಇಂತಿ,
ಓರ್ವ ಗೇರು ಕೃಷಿಕ ಮಹಿಳೆ
ಪುತ್ತೂರು ತಾಲೂಕು, ದಕ್ಷಿಣ ಕನ್ನಡ